ಬೋರ್ಡಿನ ಸುಮಿತ್ರಕ್ಕ ಮತ್ತು ಎರಡು ಫೋನುಗಳು

ಸುಮಿತ್ರಕ್ಕನನ್ನು ಇಂದುಮತಿ ಕಣ್ಣಾರೆ ಕಂಡದ್ದು ಆಮೇಲೆ. ಮೊದಲು ಬಂದದ್ದು ದನಿ.

ಆಗಿನ್ನೂ ತಿರುವನಂತಪುರದ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ ಹೊಸತು. ಒಲೆಯ ಹಿಂದಿನ ಗೋಡೆ ಕೂಡ ಕಪ್ಪಾಗಿರಲಿಲ್ಲ. ಗಂಡ ಶ್ರೀಪತಿ ಊರಾಚೆಯ ಕೇಂದ್ರ ಸರ್ಕಾರದ ಸಂಸ್ಥೆಯೊಂದರಲ್ಲಿ ಮೆಕ್ಯಾನಿಕ್. ಒಂದು ಸಂಜೆ ಎದುರು ಮನೆಯ ಅಮ್ಮಚ್ಚಿ ಬಾಗಿಲಿಗೆ ಬಂದು, ಮಗಳನ್ನು ಕರೆಯುವ ಹಾಗೆ ಮೋಳೇ, ಫೋಣ್ ಎಂದು ಕೈ ಬೀಸಿದರು. ಇಂದುಮತಿಗೆ ಗೊತ್ತಿದ್ದ ಮಲಯಾಳವೆಂದರೆ ನೀರಿಗೆ ವೆಳ್ಳಂ, ಸಾಕು ಎನ್ನುವುದಕ್ಕೆ ಮದಿ, ಅಷ್ಟೇ. ಸೆರಗಿಗೆ ಕೈ ಒರೆಸಿಕೊಂಡು ಓಡಿದಳು. ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ, ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗಿ; ಫೋನು ಹಿಡಿದದ್ದೇ ಮೊದಲು. ಹಿಡಿದದ್ದೂ ತಲೆಕೆಳಗು. ಅಮ್ಮಚ್ಚಿ ತಿರುಗಿಸಿ ಕಿವಿಗಿಟ್ಟರು.

"ನೀವು ಶ್ರೀಪತಿಯವರ ಮನೆಯವರಾ? ಅವರು ಬರುವಾಗ ತಡ ಆಗ್ತದೆ ಅಂತೆ. ಮೆಷಿನ್ ಬಿಟ್ಟು ಏಳ್ಲಿಕ್ಕೆ ಆಗುದಿಲ್ಲ. ನೀವು ಕಾಯ್ಬೇಡಿ, ಊಟ ಮಾಡಿ."

ಗಂಡ ತಡವಾಗಿ ಬರುತ್ತಾನೆ ಎಂಬುದು ಇಂದುಮತಿಯ ತಲೆಗೆ ಹೋಗಲೇ ಇಲ್ಲ. ಮದುವೆಯಾಗಿ ಈ ಊರಿಗೆ ಬಂದ ಮೇಲೆ ಒಬ್ಬ ಹೆಂಗಸು ಅವಳ ಜೊತೆ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು. ಕರಾವಳಿಯ ಕನ್ನಡ, ಒಂದೊಂದು ಮಾತನ್ನೂ ತೊಳೆದು ಒರೆಸಿ ಇಟ್ಟ ಹಾಗೆ. ನೀವು ಯಾರು ಎಂದು ಕೇಳಿದಳು. ನಾನು ಬೋರ್ಡಿನವಳು, ಸುಮಿತ್ರ ಅಂತ ಹೆಸರು ಎಂದಿತು ದನಿ. ಆಮೇಲೆ, "ಮಾತು ಮುಗಿಯಿತಾ? ತೆಗೀಲಾ?" ಎಂದು ಕೇಳಿತು.

ಏನನ್ನು ತೆಗೆಯುತ್ತಾರೋ ಇಂದುಮತಿಗೆ ತಿಳಿಯಲಿಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳುತ್ತಾರೇನೋ ಎಂದು ಹೆದರಿ, ಬೇಡ ಎಂದಳು.

ಆ ಕಡೆ ಸಣ್ಣಗೆ ನಗು. "ಆಯ್ತು. ಸ್ವಲ್ಪ ಹೊತ್ತು ಇರ್ತೇನೆ."

ತಂತಿಯೊಳಗೆ ದೂರದಲ್ಲೆಲ್ಲೋ ಗಾಳಿ ಬೀಸಿದ ಹಾಗೆ ಸದ್ದು. ಆ ಗಾಳಿಯ ಆಚೆ ದಡದಲ್ಲಿ ಒಬ್ಬಳು ಕೂತಿದ್ದಾಳೆ ಎಂಬುದಷ್ಟೇ ಸಾಕಾಯಿತು ಇಂದುಮತಿಗೆ. ಬೋರ್ಡು ಎಂದರೆ ಅವಳು ಕಂಡದ್ದು ಶಾಲೆಯ ಕರಿಹಲಗೆ. ಅವತ್ತು ರಾತ್ರಿ ಕನಸಿನಲ್ಲಿ, ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹೆಂಗಸೊಬ್ಬಳು ಇಳಿದು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದಳು.

ಆ ವರುಷ ಓಣಂ ಹೊತ್ತಿಗೆ ಮನೆಮಂದಿಯನ್ನೆಲ್ಲ ಸಂಸ್ಥೆಯೊಳಗೆ ಬಿಟ್ಟರು. ಶ್ರೀಪತಿ ತನ್ನ ಯಂತ್ರಗಳನ್ನು ತೋರಿಸಬೇಕೆಂದಿದ್ದ. ಇಂದುಮತಿ ನೇರ ಟೆಲಿಫೋನ್ ಬೋರ್ಡಿನ ಕೋಣೆ ಕೇಳಿಕೊಂಡು ಹೋದಳು. ಕಿಟಕಿಯಿಲ್ಲದ ತಣ್ಣನೆಯ ಕೋಣೆ. ಬೀರುವಿನಷ್ಟು ಎತ್ತರದ ಮರದ ಹಲಗೆ, ಅದರ ತುಂಬ ತೂತುಗಳ ಸಾಲು, ಒಂದೊಂದು ತೂತಿಗೂ ಒಂದೊಂದು ಪುಟಾಣಿ ದೀಪ. ಎದುರಿಗೆ ಗುಜ್ಜಾಗಿ ಒಬ್ಬಳು, ದಪ್ಪ ಕನ್ನಡಕ, ಎಣ್ಣೆ ಹಚ್ಚಿ ಬಿಗಿದ ಜಡೆ, ಎಡಗಿವಿಗೆ ಹೆಡ್‌ಸೆಟ್ಟು. ದೀಪ ಬಿದ್ದಲ್ಲಿ ಬಳ್ಳಿ ಚುಚ್ಚುತ್ತಾಳೆ, ಹಲೋ ಎನ್ನುತ್ತಾಳೆ, ಇನ್ನೊಂದು ತುದಿಯನ್ನು ಬೇಕಾದವರ ತೂತಿಗೆ ಸಿಕ್ಕಿಸುತ್ತಾಳೆ. ಹೂ ಕಟ್ಟುವವರ ಬೆರಳು ಓಡುತ್ತದಲ್ಲ, ಹಾಗೆ.

ಸುಮಿತ್ರಕ್ಕ ಕುಂಬಳೆಯವಳು. ಅಪ್ಪ ಅಂಚೆ ಕಚೇರಿಯಲ್ಲಿದ್ದವರು, ಬೇಗ ಹೋದರು. ಕೆಲಸ ಸಿಕ್ಕಿತೆಂದು ತಾಯಿಯನ್ನು ಕರೆದುಕೊಂಡು ಕೇರಳದ ಆ ತುದಿಯಿಂದ ಈ ತುದಿಗೆ ಬಂದಳು. ಒಂದು ಸಂಬಂಧ ಕೂಡಿಬಂದಿತ್ತು. ಹುಡುಗನ ಕಡೆಯವರು ಕೆಲಸ ಬಿಡಬೇಕೆಂದರು. ಸುಮಿತ್ರಕ್ಕ ಅದನ್ನು ಹೇಳುವಾಗೆಲ್ಲ ನಗುತ್ತಿದ್ದಳು: ಆ ಲೈನು ಎಂಗೇಜ್ ಅಂತ ಹೇಳಿ ಇಟ್ಟುಬಿಟ್ಟೆ ಮಾರಾಯ್ತಿ, ಮತ್ತೆ ಅವರು ತಿರುಗಿ ಮಾಡಲಿಲ್ಲ.

ಅವಳ ಕೆಲಸಕ್ಕೆ ಕೆಲವು ಕಟ್ಟಳೆಗಳಿದ್ದವು. ಬೆಳಿಗ್ಗೆ ಕುರ್ಚಿಯಲ್ಲಿ ಕೂತೊಡನೆ ಗೇಟಿನ ಕಾವಲಿನವನಿಗೆ ಒಂದು ಕರೆ: ಕೇಳ್ತದಾ? ಅವನು ಕೇಳ್ತದೆ ಎಂದ ಮೇಲೆಯೇ ಬೋರ್ಡು ತೆರೆದ ಲೆಕ್ಕ. ಆಫೀಸಿನ ಕರೆ ಯಾವಾಗ ಬಂದರೂ ಒಳಗೆ. ಮನೆಯ ಕರೆ, ಸ್ವಂತದ ಕರೆ ಊಟದ ಬಿಡುವಿನವರೆಗೆ ಕಾಯಬೇಕು. ಅದು ಡೈರೆಕ್ಟರ ಹೆಂಡತಿಯೇ ಆಗಲಿ. ಮತ್ತೆ, ಮುಗಿಯಿತಾ ಎಂದು ಕೇಳದೆ ಯಾರ ಬಳ್ಳಿಯನ್ನೂ ಎಳೆಯುವ ಹಾಗಿಲ್ಲ. ಬರುವವರನ್ನು ತಡೆಯುವುದು ಸುಲಭ, ಬಿಡುವುದೂ ಸುಲಭ, ಯಾರನ್ನು ಎಷ್ಟು ಹೊತ್ತು ಕೂರಿಸಬೇಕು ಎಂಬುದರಲ್ಲಿ ಕೆಲಸ ಇರುವುದು ಎನ್ನುತ್ತಿದ್ದಳು.

ಕಾಲ ಕಳೆದು ತಾನೇ ನಡೆಯುವ ಎಕ್ಸ್‌ಚೇಂಜು ಬಂತು. ಬೋರ್ಡನ್ನು ನಾಲ್ಕು ಜನ ಹೊತ್ತು ಗುಜರಿಗೆ ಸಾಗಿಸಿದರು. ಸುಮಿತ್ರಕ್ಕನನ್ನು ಟಪಾಲು ವಿಭಾಗದಲ್ಲಿ ಮುದ್ರೆ ಒತ್ತಲು ಕೂರಿಸಿದರು. ಹೊತ್ತೊಯ್ಯುವಾಗ ಒಂದು ದೀಪದ ಹಸಿರು ಗಾಜು ಕಳಚಿ ಬಿದ್ದಿತ್ತು. ಅದನ್ನು ಎತ್ತಿ ತಂದು ದೇವರ ಗೂಡಿನಲ್ಲಿಟ್ಟಳು. ತಾಯಿ ತೀರಿಕೊಂಡರು. ನಿವೃತ್ತಿಯ ದುಡ್ಡಿನಲ್ಲಿ ಅದೇ ಊರಿನ ಪೇಟ್ಟದ ಕಡೆ ಒಂದು ಪುಟ್ಟ ಫ್ಲ್ಯಾಟು ಕೊಂಡಳು. ಕೆಳಗೆ ರೈಲು ಹೋದರೆ ಮಂಚದ ಕಾಲು ನಡುಗುತ್ತದೆ, ಅದೇ ನನಗೆ ಜೋಗುಳ ಎನ್ನುತ್ತಿದ್ದಳು.

ಶ್ರೀಪತಿ ತೀರಿಕೊಂಡ ಮೇಲೆ ಮಗಳು ನಂದಿತಾ ಇಂದುಮತಿಯನ್ನು ಕೊಚ್ಚಿಗೆ ಕರೆದೊಯ್ದಳು. ನಂದಿತಾ ಬ್ಯಾಂಕಿನವಳು, ಪಾಲಾರಿವಟ್ಟಂನಲ್ಲಿ ಮನೆ. ಬಾಲ್ಕನಿಯಿಂದ ಮೆಟ್ರೋ ಕಾಣುತ್ತಿತ್ತು, ಆಕಾಶದಲ್ಲಿ ಹರಿದುಹೋಗುವ ಮೀನಿನ ಹಾಗೆ. ದಿನವೆಲ್ಲ ಇಂದುಮತಿ ಒಬ್ಬಳೇ. ಆಗ ಸುಮಿತ್ರಕ್ಕ ಹಳೆಯ ಕಟ್ಟಳೆಯನ್ನು ಮತ್ತೆ ಹೊರತೆಗೆದಳು. ದಿನಾ ಬೆಳಿಗ್ಗೆ ಕರೆ ಮಾಡಿ, ಕೇಳ್ತದಾ ಎನ್ನುವುದು. ಕೇಳ್ತಿದೆ ಎಂದು ಇಂದುಮತಿ ಹೇಳಿದರೆ ಇಬ್ಬರಿಗೂ ಆ ದಿನ ತೆರೆದ ಹಾಗೆ. ಆಮೇಲಾಮೇಲೆ ಸುಮಿತ್ರಕ್ಕನಿಗೆ ಕಿವಿ ಮಂದವಾಯಿತು. ಹೆಡ್‌ಸೆಟ್ಟು ಹಾಕುತ್ತಿದ್ದ ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯಲ್ಲಿ ತುಸು ಉಳಿಯಿತು. ಫೋನಿನಲ್ಲಿ ಮಾತು ತಿಳಿಯದಾದಾಗ ಕರೆ ಬಿಟ್ಟು ವಾಟ್ಸಾಪಿನಲ್ಲಿ ಬರೆಯತೊಡಗಿದಳು.

ಕಿವಿ ಹೋದದ್ದೇ ಕುತ್ತಿಗೆಗೆ ಬಂತು. ಕುಕ್ಕರು ಕೂಗಿ ಕೂಗಿ ತಳ ಹಿಡಿದು, ಪಕ್ಕದ ಮನೆಯವರು ಹೊಗೆ ಕಂಡು ಬಂದರು. ಗ್ಯಾಸಿನವನು ಬಾಗಿಲು ಬಡಿದು ಬಡಿದು ಹೊರಟುಹೋದ. ಮಂಗಳೂರಿನಲ್ಲಿದ್ದ ತಂಗಿಯ ಮಗ ಅಚ್ಯುತನಿಗೆ ಗಾಬರಿಯಾಯಿತು. ಒಳ್ಳೆಯವನೇ. ತನ್ನ ಐಫೋನನ್ನು ತಂದು ಕೊಟ್ಟು, ಏನಾದರೂ ಬಂದರೆ ಫೋನಿನ ಬೆನ್ನಿನ ದೀಪ ಮಿನುಗುವ ಹಾಗೆ ಮಾಡಿದ. ಜೊತೆಗೆ ಒಂದು ಷರತ್ತು ಹಾಕಿದ: ನಾನು ಆಫೀಸಿಗೆ ಹೊರಡುವ ಮೊದಲು ಒಂದು ಮೆಸೇಜು ಹಾಕುತ್ತೇನೆ ದೊಡ್ಡಮ್ಮ, ಹೊರಡುವುದರೊಳಗೆ ನಿಮ್ಮ ಉತ್ತರ ಬರಬೇಕು. ಬಾರದೆ ಹೋದರೆ ಬಂದು ಕರೆದುಕೊಂಡು ಹೋಗುವವನೇ, ಆಮೇಲೆ ಬೈಯಬೇಡಿ.

ಅವನ ಮನೆಯಲ್ಲಿ ನನಗೆ ಕೋಣೆ ಉಂಟು, ಫ್ಯಾನು ಉಂಟು, ಬೇಕಾದ ಹಾಗೆ ಮೀನು ಉಂಟು, ನನ್ನ ಬಾಗಿಲಿನ ಬೀಗದ ಕೈ ಮಾತ್ರ ಇಲ್ಲ ಎಂದು ಸುಮಿತ್ರಕ್ಕ ಇಂದುಮತಿಗೆ ಬರೆದಳು.

ಅದಾದ ವಾರದಿಂದ ವಿಚಿತ್ರ ಶುರುವಾಯಿತು. ಬೆಳಗಿನ ಕೇಳ್ತದಾ ಬರುತ್ತಿತ್ತು. ಇಂದುಮತಿ ಕೇಳ್ತಿದೆ ಎಂದು ಕಳಿಸಿ, ತಿಂಡಿ ಆಯ್ತಾ ಸುಮಿತ್ರಕ್ಕ ಎಂದು ಕೇಳಿದರೆ ಉತ್ತರವಿಲ್ಲ. ದೀಪ ಹಚ್ಚುವ ಹೊತ್ತಿಗೆ ಬರುತ್ತಿತ್ತು: ಪುಟ್ಟು, ಕಡಲೆ. ಬೆಳಗಿನ ಪುಟ್ಟಿನ ಸುದ್ದಿ ಮುಸ್ಸಂಜೆಗೆ. ಇಂದುಮತಿಗೆ ಮೊದಲು ಮುನಿಸು ಬಂತು, ಆಮೇಲೆ ಹೆದರಿಕೆ. ಮುದುಕಿ ಹಗಲೆಲ್ಲ ಮಲಗಿಯೇ ಇರುತ್ತಾಳೇನೋ, ಜ್ವರವೇನೋ. ಅಷ್ಟರಲ್ಲಿ ಅಚ್ಯುತನೇ ನಂದಿತಾಗೆ ಫೋನು ಮಾಡಿದ. ದೊಡ್ಡಮ್ಮನ ಕೈಲಿ ಆಗುತ್ತಿಲ್ಲ, ದಿನಾ ಸಂಜೆಗೆ ಉತ್ತರ ಬರುತ್ತದೆ, ಭಾನುವಾರ ಕಾರು ತರುತ್ತೇನೆ, ನಿಮ್ಮ ತಾಯಿಗೆ ಹೇಳಿ ಎಂದ.

ನಾನು ಹೋಗಿ ನೋಡಿ ಬರ್ತೀನಿ ಎಂದಳು ಇಂದುಮತಿ. ಈ ಮೊಣಕಾಲು ಇಟ್ಕೊಂಡಾ ಎಂದಳು ನಂದಿತಾ. ಮೊಣಕಾಲು ಬಸ್ಸಲ್ಲಿ ಕೂತಿರುತ್ತೆ ಕಣೇ, ನಡೆಯೋದು ಬಸ್ಸು ಎಂದಳು ತಾಯಿ.

ವೈಟ್ಟಿಲದಲ್ಲಿ ಬಸ್ಸು ಹತ್ತಿಸಿ ಮಗಳು ಆಫೀಸಿಗೆ ಹೋದಳು. ಇಂದುಮತಿ ಕಿಟಕಿಗೆ ತಲೆಯಾನಿಸಿದಳು. ಆಲಪ್ಪುಳ ದಾಟುವಾಗ ನೀರು ಯಾವುದು ನೆಲ ಯಾವುದು ತಿಳಿಯಲಿಲ್ಲ. ತೆಂಗಿನ ಮರಗಳು ತಲೆ ಕೆಳಗಾಗಿ ನೀರೊಳಗೆ ಬೆಳೆದಿದ್ದವು. ಅರ್ಧ ನಿದ್ದೆ. ಟೆಲಿಫೋನಿನ ಕಂಬಗಳು ಹಿಂದೆ ಓಡುತ್ತಿದ್ದವು, ಒಂದೊಂದು ಕಂಬದ ಬುಡದಲ್ಲೂ ಸುಮಿತ್ರಕ್ಕ ಕೂತು ಬಳ್ಳಿ ಸಿಕ್ಕಿಸುತ್ತಿದ್ದಳು, ಇಂದುಮತಿಯನ್ನು ಈ ಕಂಬದಿಂದ ಆ ಕಂಬಕ್ಕೆ ದಾಟಿಸುತ್ತಿದ್ದಳು. ಕೊಲ್ಲಂ ಎಂದು ಕಂಡಕ್ಟರ್ ಕೂಗಿದಾಗ ಎಚ್ಚರವಾಯಿತು.

ಪೇಟ್ಟದ ಮನೆಯ ಗಂಟೆ ಒತ್ತಿ ಏನು ಫಲ. ಇಂದುಮತಿ ವರಾಂಡದ ಕಿಟಕಿಯ ಮುಂದೆ ಕೊಡೆ ಬಿಚ್ಚಿ ನಿಂತಳು. ಒಳಗೆ ನೆಲದ ಮೇಲಿದ್ದ ಬಿಸಿಲಿನ ತುಂಡು ಆರಿತು. ದೀಪ ಹತ್ತುವುದು ಆರುವುದನ್ನು ನೋಡಿಯೇ ಆಯಸ್ಸು ಕಳೆದ ಸುಮಿತ್ರಕ್ಕ ತಟ್ಟನೆ ತಿರುಗಿದಳು. ಜ್ವರವೂ ಇಲ್ಲ, ಮಂಪರೂ ಇಲ್ಲ, ಮುಖ ಗಟ್ಟಿಮುಟ್ಟಾಗಿಯೇ ಇತ್ತು. ಮಂಚದ ಮೇಲೆ ಮಾತ್ರ ಅರ್ಧ ತುಂಬಿದ ಚೀಲ.

ಚಾಯ ಕುಡಿದು ಇಬ್ಬರೂ ಮೇಜಿನ ಮೇಲೆ ಫೋನುಗಳನ್ನು ಅಕ್ಕಪಕ್ಕ ಮಲಗಿಸಿದರು. ಇಂದುಮತಿಯದು ಅಳಿಯ ಬಿಟ್ಟುಕೊಟ್ಟ ಹಳೆಯ ಆಂಡ್ರಾಯ್ಡು, ಗಾಜಿನ ಮೂಲೆ ಸೀಳಿತ್ತು. ತಡ ಎಲ್ಲಿ ಆಗುತ್ತಿದೆ ಎಂದು ನೋಡಲು ನಂದಿತಾಗೆ ಹೇಳಿ ಎರಡಕ್ಕೂ ಒಂದೇ ಮೆಸೇಜು ಹಾಕಿಸಿದರು. ಇಂದುಮತಿಯ ಫೋನು ಟಿಣ್ ಎಂದಿತು. ಮುಟ್ಟುವ ಮೊದಲೇ ಅದರ ಹಣೆಯ ಮೇಲೆ ನಂದಿತಾ ಬರೆದದ್ದೆಲ್ಲ ಬಂದು ನಿಂತಿತು: ಅಮ್ಮಾ, ಮಾತ್ರೆ ತಗೊಂಡ್ಯಾ. ಸುಮಿತ್ರಕ್ಕನದು ಕಪ್ಪು ಕಲ್ಲಿನ ಹಾಗೆ ಸುಮ್ಮನಿತ್ತು.

ದೀಪ ಕೆಟ್ಟಿದೆ ಎಂದಳು ಇಂದುಮತಿ. ಹೇಳಿ ಬಾಯಿ ಮುಚ್ಚುವುದರೊಳಗೆ ಆ ಕಲ್ಲು ಪಳಪಳನೆ ಮಿಂಚಿತು, ಗೋಡೆಯ ಮೇಲೆಲ್ಲ ಬಿಳಿ ಬೆಳಕು ಹಾರಿತು. ಸುಮಿತ್ರಕ್ಕ ಎತ್ತಿ ಮುಖದ ಮುಂದೆ ಹಿಡಿದಳು. ಕರೆಂಟಿನ ಬಿಲ್ಲು.

"ನೋಡಿದ್ಯಾ, ಇದು ಮರ್ಯಾದಸ್ಥ ಪ್ಯೂನಿನ ಹಾಗೆ," ಎಂದಳು ಸುಮಿತ್ರಕ್ಕ. "ನನ್ನ ಮುಖ ಕಾಣದೆ ಲಕೋಟೆ ಒಡೆಯುದಿಲ್ಲ. ಒಮ್ಮೆ ಬಾಗಿಲು ತೆರೆದ್ರೆ ಮಾತ್ರ ಬಂದದ್ದನ್ನೆಲ್ಲ ಅಟ್ಟಕ್ಕೆ ಹಾಕಿ ಕೂತುಬಿಡ್ತದೆ, ಮೇಲಿಂದ ಎಳೆದು ತೆಗೀಬೇಕು. ನಿನ್ನದು ಮೀನಿನವಳು. ಇಡೀ ಬೀದಿಗೆ ಕೇಳಿಸ್ತದೆ."

ಇಂದುಮತಿಗೆ ತುಸು ಚುಚ್ಚಿತು. ಬಲಗಿವಿಯ ಹತ್ತಿರ ಬಾಗಿ ಹೇಳಿದಳು: "ಮೀನಿನವಳಾದ್ರೂ ನಾನು ಬೇಡ ಅನ್ನೋ ತನಕ ಬಾಗಿಲು ಬಿಟ್ಟು ಹೋಗಲ್ಲ ಸುಮಿತ್ರಕ್ಕ. ನಾನು ಸರಿಸೋ ತನಕ ಅಲ್ಲೇ ಕೂತಿರುತ್ತೆ, ದಿನಗಟ್ಟಲೆ ಆದ್ರೂ."

"ಅದು ಹೌದು. ಅದು ಒಳ್ಳೆ ಗುಣ."

ಕರೆಂಟಿನವರಿಗೆ ಬೀಳುವ ದೀಪ ನಂದಿತಾಗೆ ಯಾಕೆ ಬೀಳಲಿಲ್ಲ? ಸುಮಿತ್ರಕ್ಕ ಕನ್ನಡಕ ಒರೆಸಿ ಸೆಟ್ಟಿಂಗುಗಳ ಒಳಗೆ ಹೊಕ್ಕಳು. ಒಂದು ಕಡೆ ಬೆರಳು ನಿಂತಿತು. ನಿಂತೇ ಇತ್ತು. ಆಮೇಲೆ ಹೊಟ್ಟೆಯೊಳಗಿಂದ ನಗು ಎದ್ದು ಭುಜ ಕುಲುಕಿತು.

ಅಚ್ಯುತ ಫೋನು ಕೊಟ್ಟು ಹೋದ ಮೇಲೆ ಅವಳು ಒಬ್ಬಳೇ ಕೂತು ಅದರ ಒಳಹೊರಗೆಲ್ಲ ಓಡಾಡಿದ್ದಳು. ಯಾವುದನ್ನು ಬಂದ ಕೂಡಲೇ ತೋರಿಸಲಿ, ಯಾವುದನ್ನು ಕೂಡಿಟ್ಟು ನೀವು ಹೇಳಿದ ಹೊತ್ತಿಗೆ ಒಟ್ಟಿಗೆ ಕೊಡಲಿ ಎಂದು ಫೋನು ಕೇಳಿತ್ತು. ಎಷ್ಟೋ ವರುಷಗಳ ಮೇಲೆ ತನ್ನ ಕೆಲಸದ ಮಾತನ್ನು ಯಾರೋ ತನ್ನನ್ನೇ ಕೇಳಿದ ಹಾಗಾಗಿತ್ತು ಅವಳಿಗೆ. ಬೆನ್ನು ನೆಟ್ಟಗೆ ಮಾಡಿ ಕೂತು, ಬ್ಯಾಂಕು, ಪೆನ್ಷನ್ನು, ಕರೆಂಟು, ಗ್ಯಾಸು, ಹೀಗೆ ಆಫೀಸಿನ ಲೆಕ್ಕದ್ದನ್ನೆಲ್ಲ ಒಳಗೆ ಬಿಟ್ಟಿದ್ದಳು. ವಾಟ್ಸಾಪು ಸ್ವಂತದ ಮಾತು, ಬಿಡುವಿಗೆ ಕಾಯಲಿ ಎಂದು ಸಂಜೆಗೆ ಹಾಕಿದ್ದಳು. ಆಮೇಲೆ ಮರೆತೇ ಬಿಟ್ಟಿದ್ದಳು.

"ಅಂದ್ರೆ ನಾನು ದಿನಾ ಸಂಜೆವರೆಗೂ ಬೆಂಚಿನ ಮೇಲೆ ಕೂತಿದ್ನಾ?" ಎಂದಳು ಇಂದುಮತಿ.

"ನೀನೊಬ್ಬಳೇ ಅಲ್ಲ, ಪಕ್ಕದಲ್ಲಿ ಅಚ್ಯುತನೂ ಇದ್ದ. ಇಬ್ಬರೂ ಮಾತಾಡಿಕೊಳ್ಬಹುದಿತ್ತು."

ನಕ್ಕು ಮುಗಿದ ಮೇಲೂ ಸುಮಿತ್ರಕ್ಕ ಅದನ್ನು ಬದಲಿಸಲಿಲ್ಲ. ಬೆರಳು ಗಾಜಿನ ಮೇಲೆ ತೇಲುತ್ತಿತ್ತು. ಒಮ್ಮೆ ತಾಯಿಗೆ ಎದೆನೋವೆಂದು ಪಕ್ಕದ ಮನೆಯಿಂದ ಕರೆ ಬಂದಾಗಲೂ, ಮೊದಲು ದೆಹಲಿಯ ಕರೆಯನ್ನು ಜೋಡಿಸಿ ಆಮೇಲೆ ಎದ್ದವಳು ಅವಳು. ಆ ಕಟ್ಟಳೆಯನ್ನು ಮುರಿದರೆ ಅವತ್ತು ಮಾಡಿದ್ದು ಏನಾಗುತ್ತದೆ? ಅವಳು ದೇವರ ಗೂಡಿನ ಕಡೆ ನೋಡುತ್ತಿದ್ದಳು, ಹಸಿರು ಗಾಜಿನ ಕಡೆಗೆ. ಇಂದುಮತಿಗೆ ಅರ್ಥವಾಯಿತು. ಮೆಲ್ಲಗೆ, ಆದರೆ ಬಲಗಿವಿಗೆ ಮುಟ್ಟುವಷ್ಟು ಗಟ್ಟಿಯಾಗಿ ಕೇಳಿದಳು:

"ಈಗ ಆಫೀಸು ಎಲ್ಲಿದೆ ಸುಮಿತ್ರಕ್ಕ? ಬಿಡುವು ಆಗಿ ಎಷ್ಟು ಕಾಲ ಆಯ್ತು."

ಕೆಳಗೆ ರೈಲು ಹೋಯಿತು. ಮಂಚದ ಕಾಲು, ಮೇಜು, ಎರಡು ಫೋನುಗಳು, ಎಲ್ಲ ಸಣ್ಣಗೆ ನಡುಗಿದವು. ರೈಲು ದಾಟಿದ ಮೇಲೆ ಸುಮಿತ್ರಕ್ಕ ಬೆರಳು ಒತ್ತಿದಳು. ಇಂದುಮತಿ ತನ್ನ ಸೀಳು ಗಾಜಿನ ಫೋನಿನಿಂದ, ಒಂದೊಂದೇ ಅಕ್ಷರ ಹುಡುಕಿ, ಕೇಳ್ತದಾ ಎಂದು ಬರೆದು ಕಳಿಸಿದಳು. ಕಪ್ಪು ಕಲ್ಲು ಮಿಂಚಿತು. ಸಂಜೆಯ ಕೋಣೆಯ ತುಂಬ ಬೆಳಕು ಬಂದು ಹೋಗಿ ಬಂದಿತು. ಗೂಡಿನೊಳಗಿನ ಗಾಜು ಒಂದು ಕ್ಷಣ ಹಸಿರಾಗಿ ಉರಿಯಿತು. ಕೂತಿದ್ದ ಮುದುಕಿಯ ಕೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಇಲ್ಲದ ಬಳ್ಳಿಯೊಂದನ್ನು ಹಿಡಿದು ಸಿಕ್ಕಿಸಿತು.

ಕೇಳ್ತದೆ ಎಂದಳು.

ಭಾನುವಾರ ಅಚ್ಯುತ ಕಾರಿನೊಂದಿಗೆ ಬಂದ. ಸುಮಿತ್ರಕ್ಕ ಅವನನ್ನು ಒಳಗೆ ಕೂರಲೂ ಬಿಡದೆ, ಕೆಳಗೆ ಎಳನೀರಿನವನ ಹತ್ತಿರ ಹೋಗಿ ಒಂದು ಮೆಸೇಜು ಹಾಕು ಎಂದಳು. ಅವನು ಹಾಕಿ ಫೋನು ಜೇಬಿಗಿಳಿಸುವುದರೊಳಗೆ ಉತ್ತರ ಬಂತು: ಬರುವಾಗ ಮೂರು ಎಳನೀರು ತಾ. ಎಳನೀರು ಕುಡಿದು, ಅರ್ಧ ತುಂಬಿದ ಚೀಲವನ್ನು ಅವನೇ ಬಿಚ್ಚಿ ಸೀರೆಗಳನ್ನು ಬೀರುವಿಗೆ ಇಟ್ಟ. ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಹಲಸಿನ ಚಿಪ್ಸಿನ ಪೊಟ್ಟಣ ಮಾತ್ರ ಇತ್ತು.

ಅಲ್ಲಿಂದ ಮುಂದೆ ಸುಮಿತ್ರಕ್ಕ ತನ್ನ ಬಾಗಿಲಿಗೆ ತಾನೇ ಬೀಗ ಹಾಕಿ ತಾನೇ ತೆಗೆದಳು. ಎರಡು ಮಳೆಗಾಲ ದಿನಾ ಬೆಳಿಗ್ಗೆ ಪೇಟ್ಟದಿಂದ ಪಾಲಾರಿವಟ್ಟಂಗೆ ಲೈನು ತೆರೆಯಿತು. ತಿಂಡಿಯ ಸುದ್ದಿ ತಿಂಡಿಯ ಹೊತ್ತಿಗೇ ಬಂತು.

ಈ ಸಲದ ಓಣಂ ಕಳೆದು ಅವಳಿಗೆ ಎದೆಯ ತೊಂದರೆಯಾಗಿ ಆಸ್ಪತ್ರೆ ಸೇರಿಸಿದರು. ಅಚ್ಯುತ ಬಂದು ಹತ್ತಿರವಿದ್ದ. ಇಂದುಮತಿಗೆ ಮಾರನೆಯ ದಿನದ ಬಸ್ಸಿಗೆ ನಂದಿತಾ ಟಿಕೆಟ್ ಮಾಡಿಸಿದ್ದಳು. ಆ ಸಂಜೆ ದೀಪಕ್ಕೆ ಎಣ್ಣೆ ಹಾಕುವಾಗ ಫೋನು ಟಿಣ್ ಎಂದಿತು. ಬೆಳಗಿನ ಹೊತ್ತಲ್ಲ, ಸುಮಿತ್ರಕ್ಕ ಬರೆಯುವ ಹೊತ್ತೇ ಅಲ್ಲ, ಆದರೂ ಅವಳದೇ. ಗಾಜಿನ ಹಣೆಯ ಮೇಲೆ ಬಂದು ನಿಂತದ್ದನ್ನು ಇಂದುಮತಿ ಓದಿದಳು. ಮಗಳನ್ನು ಕೂಗಿ ಅಚ್ಯುತನಿಗೆ ಕರೆ ಮಾಡಿಸಿ, ದೊಡ್ಡಮ್ಮನ ಬಲಗಿವಿಗೆ ಹೇಳಪ್ಪ, ಬೇಡ ಅಂದ್ಳು ಅಂತ ಹೇಳು, ಅಷ್ಟೇ ಎಂದಳು. ಅವನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಹೇಳಿದ. ದೊಡ್ಡಮ್ಮ ನಕ್ಕರು, ಆಯ್ತು, ಸ್ವಲ್ಪ ಹೊತ್ತು ಇರ್ತೇನೆ ಅಂದರು ಎಂದ. ಇದ್ದಳು, ಬೆಳಕು ಹರಿಯುವವರೆಗೆ.

ಇಂದುಮತಿ ಆ ಮೆಸೇಜನ್ನು ಒತ್ತಿಲ್ಲ. ಪಕ್ಕಕ್ಕೆ ಸರಿಸಿಲ್ಲ. ಫೋನು ಆರಿಹೋಗದ ಹಾಗೆ ಎರಡು ಹೊತ್ತೂ ಚಾರ್ಜಿಗೆ ಹಾಕುತ್ತಾಳೆ. ಬೆಳಿಗ್ಗೆ ಎದ್ದು ಎತ್ತಿಕೊಂಡರೆ, ರಾತ್ರಿ ಬಂದದ್ದೆಲ್ಲದರ ಕೆಳಗೆ, ಇವಳು ಬೇಡ ಎನ್ನುವವರೆಗೂ ಬಾಗಿಲು ಬಿಟ್ಟು ಹೋಗದ ಹಾಗೆ ಅದು ಕೂತಿರುತ್ತದೆ:

"ಮಾತು ಮುಗಿಯಿತಾ? ತೆಗೀಲಾ?"